ನಾಯಿ, ಬೆಕ್ಕಿನ ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆಯೇ? ದೋಷ ಪತ್ತೆ ಮತ್ತು ತಕ್ಷಣದ ಕೆಲಸ

ಸಾಕುಪ್ರಾಣಿಗಳ ಚಿಕಿತ್ಸಾಲಯದಲ್ಲಿ ಫೋನ್ ಎತ್ತುವವರು ಮತ್ತೆ ಮತ್ತೆ ಕೇಳುವ ಮಾತೊಂದಿದೆ: “ಸರ್, ನಮ್ಮ ನಾಯಿಯ ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ, ಉಸಿರು ಕಟ್ಟುತ್ತಿದೆ.” ಹಾಗೆಂದು ಕರೆತಂದ ಎಷ್ಟೋ ನಾಯಿಗಳ ಗಂಟಲಲ್ಲಿ ಏನೂ ಇರುವುದಿಲ್ಲ. ಕೆಲವಕ್ಕೆ ಕೆಮ್ಮು, ಕೆಲವಕ್ಕೆ ಹೊಟ್ಟೆಯ ತೊಂದರೆ, ಅಪರೂಪಕ್ಕೆ ಒಂದಕ್ಕೆ ರೇಬಿಸ್. ನಿಜವಾಗಿಯೂ ಉಸಿರಿನ ದಾರಿ ಮುಚ್ಚಿಹೋದ ಪ್ರಾಣಿಗೆ ಆಸ್ಪತ್ರೆ ತಲುಪುವಷ್ಟು ಹೊತ್ತು ಇರುವುದೇ ಇಲ್ಲ. ಸಿಕ್ಕಿಕೊಂಡದ್ದು ಕೋಳಿಯ ಮೂಳೆಯೋ ಮಾವಿನ ಗೊರಟೆಯೋ ಎಂದು ಮನೆಮಂದಿಯೆಲ್ಲ ಚರ್ಚಿಸುತ್ತಾ ಕೂರುವುದು ಆ ಹೊತ್ತಿನ ಕೆಲಸವಲ್ಲ. ಗಾಳಿ ಹೋಗಿ ಬರುತ್ತಿದೆಯೇ ಎಂಬುದನ್ನು ಮೊದಲು ತಿಳಿಯಬೇಕು. ಉಳಿದ ದಾರಿಗಳೆಲ್ಲ ಕವಲೊಡೆಯುವುದು ಅಲ್ಲಿಂದ.

ಮೊದಲು ಕಿವಿ, ಆಮೇಲೆ ಕಣ್ಣು

ಕೆಮ್ಮುವುದಕ್ಕೂ ಬೊಗಳುವುದಕ್ಕೂ ಗಾಳಿ ಬೇಕು. ನಾಯಿ ಗಟ್ಟಿಯಾಗಿ ಕೆಮ್ಮುತ್ತಿದ್ದರೆ, ಓಕರಿಸುತ್ತಿದ್ದರೆ, ಗೊರಗೊರ ಎನ್ನುತ್ತಿದ್ದರೆ ದಾರಿ ಪೂರ್ತಿ ಮುಚ್ಚಿಲ್ಲ. ನೋಡುವವರ ಜೀವ ಬಾಯಿಗೆ ಬಂದಿದ್ದರೂ ಆ ಕ್ಷಣಕ್ಕೆ ಕೈ ಹಾಕುವ ಅಗತ್ಯವಿಲ್ಲ. ಗಂಟಲಿಗೆ ಅಡ್ಡ ಬಂದದ್ದನ್ನು ಹೊರಗೆ ದೂಡಲು ಕೆಮ್ಮಿಗಿಂತ ಒಳ್ಳೆಯ ಉಪಾಯ ನಮ್ಮಲ್ಲಿ ಯಾರ ಬಳಿಯೂ ಇಲ್ಲ. ಅದರ ಪಾಡಿಗೆ ಅದನ್ನು ಕೆಮ್ಮಲು ಬಿಟ್ಟು, ಕಣ್ಣಿಟ್ಟು ಕಾಯಬೇಕು.

ಹೆದರಬೇಕಾದದ್ದು ಸದ್ದಡಗಿದಾಗ. ತಿನ್ನುತ್ತಲೋ ಚೆಂಡು ಕಚ್ಚಿಕೊಂಡು ಓಡುತ್ತಲೋ ಇದ್ದ ನಾಯಿ ಒಮ್ಮೆಲೇ ನಿಂತುಬಿಡುತ್ತದೆ. ಕುತ್ತಿಗೆ ಮುಂದಕ್ಕೆ ಚಾಚಿರುತ್ತದೆ, ಮುಂಗಾಲುಗಳು ಅಗಲವಾಗಿರುತ್ತವೆ, ಬಾಯಿ ತೆರೆದಿರುತ್ತದೆ. ಎದೆಗೂಡು ಜೋರಾಗಿ ಏರಿಳಿಯುತ್ತಿರುತ್ತದೆ, ಆದರೆ ಸದ್ದಿಲ್ಲ. ಇದ್ದರೂ ಉಸಿರು ಒಳಗೆಳೆಯುವಾಗ ಸೀಟಿಯಂಥ ಸಣ್ಣ ಸ್ವರವಷ್ಟೇ. ಮೂಗಿನ ಮುಂದೆ ಅಂಗೈ ಹಿಡಿದರೆ ಗಾಳಿ ತಾಗುವುದಿಲ್ಲ. ಕಣ್ಣು ಅಗಲವಾಗಿ, ಪಂಜದಿಂದ ಬಾಯಿಯನ್ನು ಕೆರೆದುಕೊಂಡು, ಗೋಡೆಗೆ ಡಿಕ್ಕಿ ಹೊಡೆಯುತ್ತಾ ತಿರುಗಬಹುದು.

ಬಳಿಕ ತುಟಿ ಎತ್ತಿ ಒಸಡಿನ ಬಣ್ಣ ನೋಡಿ. ಗುಲಾಬಿ ಬಣ್ಣವಿದ್ದರೆ ಸ್ವಲ್ಪ ಸಮಯವಿದೆ. ಬೂದು, ನೀಲಿ ಅಥವಾ ನೇರಳೆ ಬಣ್ಣಕ್ಕೆ ತಿರುಗಿದ್ದರೆ ಆಮ್ಲಜನಕ ತೀರುತ್ತಾ ಬಂದಿದೆ ಎಂದರ್ಥ. ಒಸಡು ಹುಟ್ಟಾ ಕಪ್ಪಾಗಿರುವ ನಾಯಿಗಳಲ್ಲಿ ಕೆಳಗಿನ ಕಣ್ಣುರೆಪ್ಪೆಯನ್ನು ಎಳೆದು ಒಳಭಾಗದ ಬಣ್ಣ ನೋಡಬೇಕು. ಚೌ ಚೌ ತಳಿಗೆ ನಾಲಿಗೆಯೇ ನೀಲಿ, ಅದನ್ನು ಕಂಡು ಬೆಚ್ಚಬೇಕಿಲ್ಲ. ಆದರೆ ನೀಲಿ ಬಣ್ಣ ತಡವಾಗಿ ಬರುವ ಲಕ್ಷಣ. ಸದ್ದು ನಿಂತು ಗಾಳಿ ಆಡುತ್ತಿಲ್ಲವೆಂದು ಗೊತ್ತಾದ ಮೇಲೆ ಬಣ್ಣಕ್ಕಾಗಿ ಕಾಯುವುದು ತಪ್ಪು.

ಬಾಯಿಗೆ ಕೈ ಹಾಕುವ ಮೊದಲು ಒಂದು ಮಾತು

ನಮ್ಮ ದೇಶದಲ್ಲಿ ಈ ಭಾಗವನ್ನು ಬಿಟ್ಟು ಬರೆದ ಯಾವ ಕೈಪಿಡಿಯೂ ಅಪಾಯಕಾರಿ. ರೇಬಿಸ್ ಎಂದರೆ ಕಂಡಕಂಡವರನ್ನು ಕಚ್ಚುತ್ತಾ ಓಡುವ ಹುಚ್ಚುನಾಯಿ ಎಂದೇ ಜನರ ಕಲ್ಪನೆ. ಅದೇ ರೋಗದ ಇನ್ನೊಂದು ರೂಪದಲ್ಲಿ ನಾಯಿ ಮಂಕಾಗುತ್ತದೆ, ಮೂಲೆ ಸೇರುತ್ತದೆ. ಗಂಟಲು ಮತ್ತು ದವಡೆಯ ಸ್ನಾಯುಗಳು ಪಾರ್ಶ್ವವಾಯು ಬಡಿದಂತೆ ಸತ್ತುಹೋಗುತ್ತವೆ. ಕೆಳದವಡೆ ಜೋತುಬೀಳುತ್ತದೆ, ನುಂಗಲಾಗದೆ ಜೊಲ್ಲು ಸುರಿಯುತ್ತದೆ, ಬೊಗಳುವ ಸ್ವರ ಒಡೆದುಹೋಗುತ್ತದೆ. ಯಾರು ನೋಡಿದರೂ ‘ಪಾಪ, ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿದೆ’ ಎನ್ನುವಂತೆ ಇರುತ್ತದೆ. ಬೀದಿನಾಯಿಗೆ ಅನ್ನ ಹಾಕುವ ಒಳ್ಳೆಯ ಮನಸ್ಸಿನವರೇ ಅದರ ಬಾಯಿಗೆ ಬರಿಗೈ ಹಾಕುತ್ತಾರೆ.

ಎರಡನ್ನೂ ಬೇರ್ಪಡಿಸಲು ಕೆಲವು ಸುಳಿವುಗಳಿವೆ. ಗಂಟಲಿಗೆ ಸಿಕ್ಕಿಕೊಂಡದ್ದು ತಿನ್ನುವಾಗಲೋ ಆಡುವಾಗಲೋ ಥಟ್ಟನೆ ಶುರುವಾಗುತ್ತದೆ. ರೇಬಿಸ್ ಒಂದೆರಡು ದಿನಗಳಲ್ಲಿ ಬಲಿಯುತ್ತದೆ. ಮೂಳೆ ಸಿಕ್ಕಿಕೊಂಡ ನಾಯಿ ಚುರುಕಾಗಿಯೇ ಇರುತ್ತದೆ, ಪಂಜದಿಂದ ಬಾಯಿ ಕೆರೆದುಕೊಳ್ಳುತ್ತದೆ. ರೇಬಿಸ್ ಇರುವುದು ಹಿಂಗಾಲು ಎಳೆಯಬಹುದು, ತೂರಾಡಬಹುದು, ಕರೆದರೆ ಗುರುತೇ ಸಿಗದಂತೆ ನೋಡಬಹುದು. ಇಷ್ಟೆಲ್ಲ ಗೊತ್ತಿದ್ದರೂ ನೂರಕ್ಕೆ ನೂರು ಹೇಳಲಾಗದು. ಆದ್ದರಿಂದ ಲಸಿಕೆ ಹಾಕಿಸಿದ್ದು ಖಚಿತವಿಲ್ಲದ ನಾಯಿ ಅಥವಾ ಬೆಕ್ಕಿನ ಬಾಯಿಗೆ ಕೈ ಹಾಕಲೇಬಾರದು. ಹಾಕಿಬಿಟ್ಟಿದ್ದು ಕೈಯಲ್ಲಿ ಗಾಯವೋ ತರಚೋ ಇದ್ದರೆ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಶುರುಮಾಡಬೇಕು. “ನಾಯಿ ಹತ್ತು ದಿನ ಬದುಕುತ್ತದೋ ನೋಡಿಕೊಂಡು ಆಮೇಲೆ” ಎಂದು ಲಸಿಕೆಯನ್ನು ಮುಂದೂಡಬಾರದು.

ಲಸಿಕೆ ಹಾಕಿಸಿದ, ಎದೆಗವುಚಿ ಮಲಗುವ ಸ್ವಂತ ನಾಯಿಯೂ ಉಸಿರು ಕಟ್ಟಿದಾಗ ಕಚ್ಚುತ್ತದೆ. ಅದಕ್ಕೆ ಆಗ ಯಜಮಾನನೂ ಇಲ್ಲ, ಮನೆಯೂ ಇಲ್ಲ. ಇನ್ನೊಬ್ಬರು ದೇಹವನ್ನು ಹಿಡಿದುಕೊಳ್ಳಲಿ. ಬೆಕ್ಕಾದರೆ ದಪ್ಪ ಟವೆಲಿನಲ್ಲಿ ಕಾಲು ಹೊರಬಾರದಂತೆ ಸುತ್ತಿ.

ದಾರಿ ಮುಚ್ಚಿದೆ: ಈಗ ಮಾಡಬೇಕಾದದ್ದು

ಮೊದಲು ಕುತ್ತಿಗೆಯ ಬೆಲ್ಟ್ ಬಿಚ್ಚಿ. ಒಂದು ಕೈಯಿಂದ ಮೇಲ್ದವಡೆಯನ್ನು, ಕೋರೆಹಲ್ಲುಗಳ ಹಿಂದೆ ತುಟಿಯನ್ನು ಹಲ್ಲಿನ ಮೇಲೆ ಒತ್ತಿ ಹಿಡಿಯಿರಿ. ಇನ್ನೊಂದು ಕೈಯಿಂದ ಕೆಳದವಡೆಯನ್ನು ಇಳಿಸಿ. ನಾಲಿಗೆ ಜಾರುತ್ತದೆ, ಬಟ್ಟೆಯ ತುಂಡಿನಿಂದ ಹಿಡಿದು ಮುಂದಕ್ಕೆ ಎಳೆದರೆ ಒಳಗೆ ಕಾಣುತ್ತದೆ. ಮತ್ತೊಬ್ಬರು ಮೊಬೈಲ್ ಟಾರ್ಚ್ ಹಿಡಿಯಲಿ. ವಸ್ತು ಕಣ್ಣಿಗೆ ಕಂಡು, ಬೆರಳಿಗೆ ಎಟುಕುವಂತಿದ್ದರೆ ಪಕ್ಕದಿಂದ ಬೆರಳು ಬಾಗಿಸಿ ಹೊರಕ್ಕೆ ಎಳೆಯಿರಿ. ಕಾಣದಿದ್ದರೆ ಬೆರಳು ತೂರಿಸಿ ತಡಕಾಡಬೇಡಿ. ಇದ್ದದ್ದು ಇನ್ನೂ ಒಳಕ್ಕೆ ಹೋಗುತ್ತದೆ. ಇನ್ನೊಂದು ಅನಾಹುತವೂ ಇದೆ: ನಾಲಿಗೆಯ ಬುಡದಲ್ಲಿ ನಾಯಿಯದ್ದೇ ಸಣ್ಣ ಎಲುಬುಗಳೂ ಧ್ವನಿಪೆಟ್ಟಿಗೆಯ ಮೃದ್ವಸ್ಥಿಯೂ ಇವೆ. ಕುರುಡಾಗಿ ತಡಕಿದ ಬೆರಳಿಗೆ ಅವು ಥೇಟ್ ಕೋಳಿಮೂಳೆಯಂತೆಯೇ ತಾಗುತ್ತವೆ. ಅದನ್ನೇ ಹಿಡಿದು ಎಳೆದವರಿದ್ದಾರೆ.

ಬೆರಳಿಗೆ ಸಿಗದಿದ್ದರೆ ಗುರುತ್ವಾಕರ್ಷಣೆಯ ಸಹಾಯ ಪಡೆಯಬೇಕು. ಬೆಕ್ಕು, ಪೊಮೆರೇನಿಯನ್, ಶಿಹ್ ತ್ಸುವಿನಂಥ ಚಿಕ್ಕ ಪ್ರಾಣಿಯನ್ನು ಅದರ ಬೆನ್ನು ನಿಮ್ಮ ಎದೆಗೆ ತಾಗುವಂತೆ, ತಲೆ ಕೆಳಗಾಗುವಂತೆ, ತೊಡೆಗಳ ಬಳಿ ಭದ್ರವಾಗಿ ಹಿಡಿದು ಎತ್ತಿ. ದೊಡ್ಡ ನಾಯಿಯಾದರೆ ಹಿಂಗಾಲುಗಳನ್ನಷ್ಟೇ ಎತ್ತಿ ಹಿಡಿದು ತಲೆ ತಗ್ಗಿಸಿ. ಹೆಗಲ ಎಲುಬುಗಳ ನಡುವೆ ಅಂಗೈಯ ಬುಡದಿಂದ ಚುರುಕಾಗಿ ಐದು ಬಾರಿ ಹೊಡೆಯಿರಿ. ಬಾಯಿ ನೋಡಿ.

ಹೊರಬರಲಿಲ್ಲವೆಂದರೆ ಹೊಟ್ಟೆ ಒತ್ತುವ ಕ್ರಮ. ಮನುಷ್ಯರಿಗಾಗಿ 1974ರಲ್ಲಿ ಹೆನ್ರಿ ಹೈಮ್ಲಿಕ್ ಎಂಬ ಅಮೆರಿಕದ ಶಸ್ತ್ರವೈದ್ಯರು ಪ್ರಕಟಿಸಿದ ವಿಧಾನವನ್ನೇ ಪ್ರಾಣಿಗಳ ಅಳತೆಗೆ ಹೊಂದಿಸಿಕೊಂಡದ್ದು ಇದು. ನಿಂತ ನಾಯಿಯ ಹಿಂದಿನಿಂದ ಬಾಗಿ ಹೊಟ್ಟೆಯನ್ನು ಎರಡೂ ಕೈಗಳಿಂದ ಬಳಸಿ. ಪಕ್ಕೆಲುಬು ಮುಗಿದ ಕೂಡಲೇ ಸಿಗುವ ಮೆತ್ತನೆಯ ಜಾಗದಲ್ಲಿ ಮುಷ್ಟಿಯಿಟ್ಟು, ಬೆನ್ನಿನ ಕಡೆಗೂ ತಲೆಯ ಕಡೆಗೂ ಒಟ್ಟಿಗೆ ಹೋಗುವಂತೆ ಐದು ಬಾರಿ ಥಟ್ಟನೆ ಒತ್ತಿ. ಬಿದ್ದ ನಾಯಿಯಾದರೆ ಒಂದು ಪಕ್ಕಕ್ಕೆ ಮಲಗಿಸಿ, ಒಂದು ಕೈ ಬೆನ್ನಿಗೆ ಆನಿಸಿ, ಇನ್ನೊಂದರಿಂದ ಅದೇ ದಿಕ್ಕಿನಲ್ಲಿ ಒತ್ತಿ. ಬೆಕ್ಕಿಗೆ ಮುಷ್ಟಿ ಬೇಡ, ಎರಡು ಬೆರಳು ಸಾಕು. ಲ್ಯಾಬ್ರಡಾರ್‌ಗೆ ಹಾಕುವ ಬಲವನ್ನು ಬೆಕ್ಕಿಗೆ ಹಾಕಿದರೆ ಯಕೃತ್ತು ಒಡೆಯುತ್ತದೆ. ಬೆನ್ನಿಗೆ ಐದು, ಹೊಟ್ಟೆಗೆ ಐದು, ಪ್ರತಿ ಸುತ್ತಿನ ಬಳಿಕ ಬಾಯಿಯೊಳಗೆ ಒಂದು ನೋಟ. ಇಷ್ಟನ್ನು ಕಾರಿನ ಹಿಂದಿನ ಸೀಟಿನಲ್ಲಿಯೂ ಮುಂದುವರಿಸಬಹುದು, ಓಡಿಸುವವರು ಬೇರೆಯವರಿರಲಿ.

ಚೆಂಡಿನ ಕಥೆ ಬೇರೆ. ಒದ್ದೆಯಾದ ರಬ್ಬರ್ ಚೆಂಡು ಗಂಟಲ ಹಿಂಭಾಗದಲ್ಲಿ ಬಿರಡೆ ಹಾಕಿದಂತೆ ಕೂತುಬಿಡುತ್ತದೆ. ಬೆರಳಿಗೆ ಹಿಡಿತ ಸಿಗುವುದಿಲ್ಲ, ಮುಟ್ಟಿದಷ್ಟೂ ಒಳಕ್ಕೆ ಜಾರುತ್ತದೆ. ಇದನ್ನು ಹೊರಗಿನಿಂದ ತೆಗೆಯಬೇಕು. ನಾಯಿಯನ್ನು ಅಂಗಾತ ಮಲಗಿಸಿ, ಕುತ್ತಿಗೆಯ ಮುಂಭಾಗದಲ್ಲಿ ಚೆಂಡಿನ ಉಬ್ಬನ್ನು ಕೈಯಿಂದ ಹುಡುಕಿ. ಎರಡೂ ಹೆಬ್ಬೆರಳುಗಳನ್ನು ಉಬ್ಬಿನ ಆಚೆ, ಅಂದರೆ ಎದೆಯ ಕಡೆಗೆ, ಶ್ವಾಸನಾಳದ ಅಕ್ಕಪಕ್ಕ ಊರಿ ಚೆಂಡನ್ನು ಬಾಯಿಯ ಕಡೆಗೆ ಬಲವಾಗಿ ದೂಡಿ. ಹಲ್ಲುಗಳ ನಡುವೆ ಕಂಡ ಕೂಡಲೇ ಇನ್ನೊಬ್ಬರು ಎಳೆದುಕೊಳ್ಳಲಿ. ಚೆಂಡು ಕೊಳ್ಳುವಾಗಲೇ ನಾಯಿಯ ಕೋರೆಹಲ್ಲುಗಳ ನಡುವೆ ಸಲೀಸಾಗಿ ತೂರದ ಗಾತ್ರದ್ದನ್ನು ಆರಿಸಿದರೆ ಈ ಕಸರತ್ತೇ ಬೇಕಾಗುವುದಿಲ್ಲ. ಮನೆಯಲ್ಲಿ ಹಿಂದೆ ಇದ್ದ ಚಿಕ್ಕ ನಾಯಿಯ ಚೆಂಡನ್ನು ಹೊಸದಾಗಿ ಬಂದ ರಾಟ್‌ವೀಲರ್‌ಗೆ ಎಸೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಪ್ರಜ್ಞೆ ತಪ್ಪಿದರೆ ಬಾಯಿ ತೆರೆಯುವುದು ಸುಲಭವಾಗುತ್ತದೆ, ಸ್ನಾಯುಗಳು ಸಡಿಲವಾಗಿ ವಸ್ತು ಕೈಗೆ ಸಿಗಲೂಬಹುದು. ನಾಲಿಗೆ ಎಳೆದು ಮತ್ತೊಮ್ಮೆ ನೋಡಿ. ಉಸಿರಾಟ ನಿಂತಿದ್ದು ಪ್ರಾಣಿ ಯಾವುದಕ್ಕೂ ಸ್ಪಂದಿಸದಿದ್ದರೆ ಪಕ್ಕಕ್ಕೆ ಮಲಗಿಸಿ ಎದೆ ಒತ್ತಲು ಶುರುಮಾಡಿ: ನಿಮಿಷಕ್ಕೆ 100ರಿಂದ 120ರ ವೇಗ, ಎದೆಯ ಅಗಲದ ಮೂರನೇ ಒಂದರಿಂದ ಅರ್ಧದವರೆಗಿನ ಆಳ. 30 ಒತ್ತಿನ ಬಳಿಕ ಬಾಯಿ ಮುಚ್ಚಿ ಹಿಡಿದು ಮೂಗಿನ ಮೂಲಕ ಎರಡು ಬಾರಿ ಉಸಿರು ಊದಿ. ಎದೆ ಉಬ್ಬದಿದ್ದರೆ ದಾರಿ ಇನ್ನೂ ಮುಚ್ಚಿದೆ ಎಂದರ್ಥ. ಎದೆಯ ಆಕಾರಕ್ಕೆ ತಕ್ಕಂತೆ ಕೈಯಿಡುವ ಜಾಗ ಬದಲಾಗುತ್ತದೆ. ಲ್ಯಾಬ್ರಡಾರ್‌ನಂಥ ದುಂಡನೆಯ ಎದೆಗೆ ಅತಿ ಅಗಲವಾದ ಭಾಗದಲ್ಲಿ ಒತ್ತಬೇಕು. ನಮ್ಮ ಮುಧೋಳ ನಾಯಿಯಂತೆ ಎದೆ ಕಿರಿದಾಗಿ ಆಳವಾಗಿದ್ದರೆ ನೇರ ಹೃದಯದ ಮೇಲೆ, ಮೊಣಕೈ ಮಡಚಿದಾಗ ಎದೆಗೆ ತಾಗುವ ಜಾಗದಲ್ಲಿ. ಬುಲ್‌ಡಾಗ್‌ ಮಾತ್ರ ಅಂಗಾತ. ಬೆಕ್ಕಿನ ಎದೆಯನ್ನು ಒಂದೇ ಕೈಯಲ್ಲಿ ಹೆಬ್ಬೆರಳು ಒಂದು ಕಡೆ, ಬೆರಳುಗಳು ಇನ್ನೊಂದು ಕಡೆ ಬರುವಂತೆ ಹಿಡಿದು ಅದುಮಿದರೆ ಸಾಕು. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಲಿ, ದಣಿದ ಕೈ ತನಗೇ ತಿಳಿಯದಂತೆ ಆಳ ಕಡಿಮೆ ಮಾಡುತ್ತದೆ.

ಸದ್ದಿದೆ, ಆದರೂ ಏನೋ ಸಿಕ್ಕಿಕೊಂಡಂತಿದೆ

ಈ ಗುಂಪೇ ದೊಡ್ಡದು. ಗಾಳಿ ಆಡುತ್ತಿದೆ ಎಂದು ಖಚಿತವಾದ ಮೇಲೆ ನಿಧಾನವಾಗಿ ನೋಡಬಹುದು.

ನಾಯಿ ಬಾಯಿಯನ್ನು ಚಪ್ಪರಿಸುತ್ತಾ, ಪಂಜದಿಂದ ಕೆನ್ನೆ ಕೆರೆಯುತ್ತಾ, ಜೊಲ್ಲು ಸುರಿಸುತ್ತಾ ಇದ್ದರೆ ಮೊದಲು ಅಂಗುಳು ನೋಡಿ. ಮಟನ್ ಮೂಳೆಯ ಚೂರೊಂದು ಮೇಲಿನ ಎರಡು ಸಾಲಿನ ದವಡೆಹಲ್ಲುಗಳ ನಡುವೆ ತೊಲೆಯಂತೆ ಅಡ್ಡ ಕೂತಿರುತ್ತದೆ. ನಾಲಿಗೆಯಿಂದ ಎಷ್ಟು ದೂಡಿದರೂ ಅಲುಗುವುದಿಲ್ಲ. ಲಸಿಕೆಯಾದ, ಸಮಾಧಾನದ ನಾಯಿಯಾದರೆ ಚಮಚದ ಹಿಡಿಯನ್ನು ಮೂಳೆ ಮತ್ತು ಅಂಗುಳಿನ ನಡುವೆ ತೂರಿಸಿ ಮೀಟಿದರೆ ಟಪ್ಪೆಂದು ಬೀಳುತ್ತದೆ. ನಾಯಿ ಒಮ್ಮೆ ತುಟಿ ನೆಕ್ಕಿಕೊಂಡು, ಏನೂ ನಡೆದೇ ಇಲ್ಲವೆಂಬಂತೆ ಅದೇ ಮೂಳೆಗೆ ಬಾಯಿ ಹಾಕಲು ಬರುತ್ತದೆ. ಅಷ್ಟರೊಳಗೆ ಅದನ್ನು ಎತ್ತಿಕೊಳ್ಳಬೇಕು. ಉಂಗುರದಂತೆ ಕತ್ತರಿಸಿದ ನಲ್ಲಿ ಮೂಳೆಯ ಆಟ ಇನ್ನೊಂದು: ಮಜ್ಜೆ ನೆಕ್ಕುವಾಗ ಕೆಳಗಿನ ಕೋರೆಹಲ್ಲು ದಾಟಿ ದವಡೆಗೆ ಬಳೆಯ ಹಾಗೆ ಸೇರಿಕೊಳ್ಳುತ್ತದೆ. ಎಣ್ಣೆ ಹಚ್ಚಿ ಒಮ್ಮೆ ನೋಡಿ, ಬರದಿದ್ದರೆ ಎಳೆದಾಡಬೇಡಿ. ವೈದ್ಯರು ಅರಿವಳಿಕೆ ಕೊಟ್ಟು ಕತ್ತರಿಸಿ ತೆಗೆಯುತ್ತಾರೆ.

ಬಾಯಿಯಲ್ಲಿ ಏನೂ ಇಲ್ಲ, ಉಸಿರಾಟ ಸರಿಯಿದೆ, ಆದರೆ ಮತ್ತೆ ಮತ್ತೆ ನುಂಗುತ್ತದೆ, ತಿಂದದ್ದನ್ನು ಜೀರ್ಣವಾಗದೆ ಹಾಗೆಯೇ ಹೊರಹಾಕುತ್ತದೆ, ಕತ್ತು ನೀಡಿ ಕೂರುತ್ತದೆ. ಆಗ ವಸ್ತು ಶ್ವಾಸನಾಳದಲ್ಲಲ್ಲ, ಅನ್ನನಾಳದಲ್ಲಿದೆ. ಎದೆಗೂಡಿನ ಬಾಗಿಲಲ್ಲಿ, ಹೃದಯದ ನೇರಕ್ಕೆ ಅಥವಾ ಹೊಟ್ಟೆ ಸೇರುವ ತುಸು ಮೊದಲು, ಹೀಗೆ ನಾಳ ಹಿಗ್ಗಲಾಗದ ಕಡೆಗಳಲ್ಲಿ ಸಾಮಾನ್ಯವಾಗಿ ನಿಲ್ಲುತ್ತದೆ. ನಮ್ಮ ಮನೆಗಳಲ್ಲಿ ಇದಕ್ಕೆ ತಲೆತಲಾಂತರದ ಉಪಚಾರವೊಂದಿದೆ: ಅನ್ನದ ಉಂಡೆ, ಬಾಳೆಹಣ್ಣು, ಮೇಲೊಂದಿಷ್ಟು ತುಪ್ಪ ಅಥವಾ ಹರಳೆಣ್ಣೆ. ಮನುಷ್ಯರ ಗಂಟಲಿನ ಮೀನಿನ ಮುಳ್ಳಿಗೆ ಮಾಡುವುದನ್ನೇ ನಾಯಿಗೂ ಮಾಡುತ್ತಾರೆ. ದಯವಿಟ್ಟು ಬೇಡ. ಚೂಪಾದ ಮೂಳೆಯನ್ನು ಅನ್ನದಿಂದ ತಳ್ಳಿದರೆ ಅನ್ನನಾಳ ಹರಿಯಬಹುದು, ಸುರಿದ ಎಣ್ಣೆ ಶ್ವಾಸಕೋಶ ಸೇರಿದರೆ ನ್ಯುಮೋನಿಯಾ. ನೀರನ್ನೂ ಕೊಡದೆ ಅದೇ ದಿನ ಕರೆದೊಯ್ಯಿರಿ. ಮೂಳೆ ಅಲ್ಲಿ ಕೂತಷ್ಟು ಹೊತ್ತೂ ನಾಳದ ಗೋಡೆ ಕೊಳೆಯುತ್ತಿರುತ್ತದೆ.

ಬಾತುಕೋಳಿ ಕೂಗಿದಂಥ ಒಣಕೆಮ್ಮು, ಕೊನೆಯಲ್ಲಿ ಒಂದು ಓಕರಿಕೆ, ಒಂದಿಷ್ಟು ಬಿಳಿ ನೊರೆ: ಇದು ಹೆಚ್ಚಾಗಿ ಕೆನ್ನೆಲ್ ಕಾಫ್, ನಾಯಿಯಿಂದ ನಾಯಿಗೆ ಅಂಟುವ ಕೆಮ್ಮು. ನಾಯಿಯನ್ನು ಹಾಸ್ಟೆಲಿನಲ್ಲಿ ಬಿಟ್ಟು ಊರಿಗೆ ಹೋಗಿ ಬಂದ ಮೇಲೆ, ನಾಲ್ಕಾರು ನಾಯಿಗಳು ಸೇರಿದ ಮೇಲೆ ಶುರುವಾಗುತ್ತದೆ. ದಿನವಿಡೀ ಬಂದು ಹೋಗುತ್ತದೆ, ನಡುವೆ ನಾಯಿ ಊಟ ಮಾಡುತ್ತದೆ. ಗಂಟಲಲ್ಲಿ ಮೂಳೆ ಇದ್ದರೆ ಊಟ ಎಲ್ಲಿ? ವಯಸ್ಸಾದ ಪೊಮೆರೇನಿಯನ್ ಬೆಲ್ಟ್ ಎಳೆದಾಗ, ಉತ್ಸಾಹದಲ್ಲಿ ಕುಣಿದಾಗ ಇಂಥದೇ ಕೆಮ್ಮು ಕೆಮ್ಮಿದರೆ ಶ್ವಾಸನಾಳದ ಉಂಗುರಗಳು ಸಡಿಲವಾಗಿ ನಾಳ ಚಪ್ಪಟೆಯಾಗುತ್ತಿರಬಹುದು. ಕುತ್ತಿಗೆಯ ಬೆಲ್ಟಿನ ಬದಲು ಎದೆಯ ಪಟ್ಟಿ ಹಾಕಿ, ವೈದ್ಯರಿಗೆ ತೋರಿಸಿ.

ಪಗ್, ಬೀಗಲ್ ನಿಂತಲ್ಲೇ ಮೊಣಕೈ ಅಗಲಿಸಿ ಮೂಗಿನಿಂದ ಗೊರಕೆಯಂತೆ ಉಸಿರನ್ನು ಒಳಕ್ಕೆ ಎಳೆದೆಳೆದು ಅರ್ಧ ನಿಮಿಷದ ಬಳಿಕ ಬಾಲ ಅಲ್ಲಾಡಿಸುತ್ತಾ ಹೋದರೆ ಅದು ಹಿಮ್ಮುಖ ಸೀನು. ಗಂಟಲು ನೇವರಿಸಿದರೆ ಸಾಕು.

ಇವುಗಳ ನಡುವೆ ಒಂದನ್ನು ಮಾತ್ರ ಎಂದೂ ‘ನಾಳೆ ನೋಡೋಣ’ ಎನ್ನಬಾರದು. ಜರ್ಮನ್ ಶೆಫರ್ಡ್, ಗ್ರೇಟ್ ಡೇನ್‌ನಂಥ ಆಳವಾದ ಎದೆಯ ದೊಡ್ಡ ನಾಯಿ ಊಟವಾದ ಮೇಲೆ ಓಕರಿಸುತ್ತದೆ, ಏನೂ ಹೊರಬರುವುದಿಲ್ಲ, ಜೊಲ್ಲಷ್ಟೇ. ಕೂತರೆ ಏಳುತ್ತದೆ, ಎದ್ದರೆ ಕೂರುತ್ತದೆ. ಮನೆಯವರು ಗಂಟಲು ತಡವುತ್ತಿರುತ್ತಾರೆ, ತೊಂದರೆ ಇರುವುದು ಹೊಟ್ಟೆಯಲ್ಲಿ. ಪಕ್ಕೆಯ ಹಿಂದೆ ಬೆರಳಿನಿಂದ ಬಡಿದರೆ ತಮಟೆಯ ಸದ್ದು ಬರಬಹುದು. ಜಠರ ಉಬ್ಬಿ ತಿರುಚಿಕೊಂಡಿದ್ದರೆ ಕೆಲವೇ ಗಂಟೆಗಳಲ್ಲಿ ಸಾವು. ಹೊಟ್ಟೆ ಒತ್ತಬೇಡಿ, ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಕಡೆಗೆ ಓಡಿ.

ಮಳೆಗಾಲದಲ್ಲಿ ಒರಟು ಚರ್ಮದ ನೆಲಗಪ್ಪೆಯನ್ನು ಕಚ್ಚಿದ ನಾಯಿಯೂ ನೊರೆಜೊಲ್ಲು ಸುರಿಸಿ ತಲೆ ಕೊಡವುತ್ತದೆ. ಒದ್ದೆಬಟ್ಟೆಯಿಂದ ಒಸಡು, ನಾಲಿಗೆ ಒರೆಸಿ. ಜೇನುನೊಣ ಕಚ್ಚಿ ಮುಖ ಊದಿಕೊಂಡಿದ್ದರೆ ಗಂಟಲೂ ಊದುತ್ತಿರಬಹುದು. ತೋಟದಿಂದ ಬಂದ ನಾಯಿ ಜೊಲ್ಲು ಸುರಿಸುತ್ತಾ ರೆಪ್ಪೆ ಎತ್ತಲಾಗದೆ ತೂರಾಡುತ್ತಿದ್ದರೆ ನಾಗರಹಾವಿನ ಅಥವಾ ಕಟ್ಟುಹಾವಿನ ಕಡಿತವನ್ನು ನೆನೆಯಿರಿ. ಇವೆರಡಕ್ಕೂ ಮನೆಮದ್ದಿಲ್ಲ.

ಬೆಕ್ಕಿನ ಲೆಕ್ಕವೇ ಬೇರೆ

ಬೆಕ್ಕು ನಾಯಿಯಂತೆ ಗಬಗಬನೆ ನುಂಗುವ ಪ್ರಾಣಿಯಲ್ಲ, ಉಸಿರಿನ ದಾರಿಗೆ ಏನಾದರೂ ಸಿಕ್ಕಿಕೊಳ್ಳುವುದು ಅಪರೂಪ. ನೆಲಕ್ಕೆ ಕುಗ್ಗಿ, ಕತ್ತು ಚಾಚಿ ಕೆಮ್ಮುವ ಬೆಕ್ಕನ್ನು ಕಂಡು ‘ಕೂದಲುಂಡೆ’ ಎಂದು ಸುಮ್ಮನಾಗುವವರು ಬಹಳ. ಕೂದಲುಂಡೆ ಕೊನೆಗೆ ನೆಲದ ಮೇಲೆ ಬೀಳಬೇಕು. ಪ್ರತಿಸಲ ಕೆಮ್ಮಿಯೂ ಏನೂ ಬೀಳದಿದ್ದರೆ ಅಸ್ತಮಾ ಇರಬಹುದು. ಆ ಕೆಮ್ಮನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು ಹೋಗಿ, ವೈದ್ಯರ ಮೇಜಿನ ಮೇಲೆ ಬೆಕ್ಕು ಎಂದೂ ಕೆಮ್ಮುವುದಿಲ್ಲ. ನಾಯಿ ಬಾಯಿ ತೆರೆದು ಏದುವುದು ಸಹಜ, ಬೆಕ್ಕು ಸುಮ್ಮನೆ ಕೂತಲ್ಲಿ ಬಾಯಿ ತೆರೆದು ಉಸಿರಾಡಿದರೆ ಕಾರಣ ಯಾವುದಾದರೂ ತುರ್ತುಸ್ಥಿತಿಯೇ.

ಬೆಕ್ಕಿನ ನಿಜವಾದ ಶತ್ರು ದಾರ. ಹೊಲಿಗೆಯ ನೂಲು, ಗಾಳಿಪಟದ ದಾರ, ದೇವರ ಕೋಣೆಯಿಂದ ಇಳಿಸಿಟ್ಟ ಒಣಹಾರದ ಬಾಳೆನಾರು. ಬೆಕ್ಕಿನ ನಾಲಿಗೆಯ ಮುಳ್ಳುಗಳು ಗಂಟಲ ಕಡೆಗೇ ಬಾಗಿವೆ. ಬಾಯಿಗೆ ಬಂದ ದಾರ ಒಳಗೇ ಹೋಗಬೇಕು. ಅದರ ಒಂದು ತುದಿ ನಾಲಿಗೆಯ ಬುಡಕ್ಕೆ ಸುತ್ತಿಕೊಂಡು, ಇನ್ನೊಂದು ಕರುಳಿಗೆ ಇಳಿಯುತ್ತದೆ. ಬಾಯಿ ತೆರೆದು, ಗಲ್ಲದ ಕೆಳಗಿನಿಂದ ಹೆಬ್ಬೆರಳು ಒತ್ತಿ ನಾಲಿಗೆ ಎತ್ತಿದರೆ ಗೆರೆ ಕಾಣುತ್ತದೆ. ಕಂಡ ದಾರವನ್ನು ಬಾಯಿಯಿಂದಾಗಲಿ ಗುದದ್ವಾರದಿಂದಾಗಲಿ ಎಳೆಯಬಾರದು. ದಾರ ಬಿಗಿದಂತೆ ಕರುಳು ನೆರಿಗೆಯಾಗಿ ಗರಗಸದಂತೆ ಕೊಯ್ದುಕೊಳ್ಳುತ್ತದೆ. ನೂಲಿನ ತುದಿಯಲ್ಲಿ ಸೂಜಿ ಇದ್ದಿರಲೂಬಹುದು.

ಹೊರಬಂದ ಮೇಲೆ

ವಸ್ತು ಹೊರಬಿದ್ದು ನಾಯಿ ಓಡಾಡತೊಡಗಿದರೂ ವೈದ್ಯರಿಗೆ ತೋರಿಸಬೇಕು. ಮುಚ್ಚಿದ ದಾರಿಯ ವಿರುದ್ಧ ಜೋರಾಗಿ ಉಸಿರೆಳೆದ ಶ್ವಾಸಕೋಶದಲ್ಲಿ ಕೆಲವು ಗಂಟೆಗಳ ಬಳಿಕ ನೀರು ತುಂಬಿಕೊಳ್ಳಬಹುದು. ಗಂಟಲು ಊದಿಕೊಳ್ಳಬಹುದು. ನೀವು ಒತ್ತಿದ ಬಲಕ್ಕೆ ಪಕ್ಕೆಲುಬು, ಗುಲ್ಮಕ್ಕೆ ಪೆಟ್ಟಾಗಿರಬಹುದು. ಆ ರಾತ್ರಿ ಮಲಗಿದಾಗಿನ ಉಸಿರನ್ನು ಒಂದು ನಿಮಿಷ ಎಣಿಸಿ. ನಾಯಿಗಾಗಲಿ ಬೆಕ್ಕಿಗಾಗಲಿ 30ರ ಒಳಗಿರಬೇಕು. ಮೇಲೇರುತ್ತಾ ಹೋದರೆ ಬೆಳಗಾಗುವವರೆಗೆ ಕಾಯಬೇಡಿ.

ಹೊರಬಂದ ಚೂರುಗಳನ್ನು ಕವರಿನಲ್ಲಿ ಹಾಕಿ ಕೊಂಡೊಯ್ಯಿರಿ. ಆಟಿಕೆ ಒಡೆದಿದ್ದರೆ ಉಳಿದ ಭಾಗವನ್ನೂ ತನ್ನಿ, ಜೋಡಿಸಿ ನೋಡಿದರೆ ಒಳಗೆಷ್ಟು ಉಳಿದಿದೆ ಎಂದು ತಿಳಿಯುತ್ತದೆ. ಎಕ್ಸ್‌ರೇಯಲ್ಲಿ ಲೋಹ, ದಪ್ಪ ಮೂಳೆ ಚೆನ್ನಾಗಿ ಕಾಣುತ್ತವೆ. ಮರದ ಚಕ್ಕೆ, ಪ್ಲಾಸ್ಟಿಕ್, ಮೆಕ್ಕೆಜೋಳದ ದಿಂಡು ಕಣ್ಣು ತಪ್ಪಿಸಿಕೊಳ್ಳುತ್ತವೆ, ಅವಕ್ಕೆ ಎಂಡೋಸ್ಕೋಪಿ ಬೇಕಾಗಬಹುದು. ಎಲ್ಲ ಊರುಗಳಲ್ಲೂ ಆ ಸೌಲಭ್ಯವಿಲ್ಲ. ಹೆಬ್ಬಾಳ, ಬೀದರ, ಶಿವಮೊಗ್ಗ, ಹಾಸನ, ಗದಗದಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ನಿಮಗೆ ಹತ್ತಿರದ ಕಡೆ ಏನೇನಿದೆ, ರಾತ್ರಿ ಯಾರು ಬಾಗಿಲು ತೆರೆಯುತ್ತಾರೆ ಎಂದು ಮೊದಲೇ ವಿಚಾರಿಸಿ ನಂಬರ್ ಬರೆದಿಟ್ಟುಕೊಳ್ಳಿ. 1962 ಸಂಖ್ಯೆಯ ಸಂಚಾರಿ ಪಶು ಚಿಕಿತ್ಸಾ ವಾಹನ ಇರುವುದು ಮುಖ್ಯವಾಗಿ ದನಕರುಗಳಿಗಾಗಿ. ಉಸಿರು ಕಟ್ಟಿದ ನಾಯಿಯನ್ನು ಎದುರಿಗಿಟ್ಟುಕೊಂಡು ಅದರ ದಾರಿ ಕಾಯುವಂತಿಲ್ಲ. ಹೊರಡುವ ಮುನ್ನ ಒಮ್ಮೆ ಕರೆ ಮಾಡಿ ‘ಉಸಿರಿನ ದಾರಿ ಮುಚ್ಚಿದೆ, ಬರುತ್ತಿದ್ದೇವೆ’ ಎಂದಷ್ಟೇ ಹೇಳಿ. ಆಮ್ಲಜನಕವನ್ನೂ ಇಕ್ಕಳವನ್ನೂ ಸಿದ್ಧವಿಟ್ಟುಕೊಳ್ಳಲು ಅವರಿಗೆ ಅಷ್ಟು ಸಾಕು.